ನಮ್ಮ ಕಡೆ ರಾವಣನನ್ನು ಸುಡುವುದಿಲ್ಲ

ಜಪಾನಿನ ರೋಬೋ ಕಾರ್ಟೂನುಗಳ ಹುಚ್ಚು ಹತ್ತಿಸಿಕೊಂಡವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಅಲ್ಲಿ ನಾಯಕ ಬದಲಾಗುತ್ತಾನೆ, ರೋಬೋ ಬದಲಾಗುತ್ತದೆ, ಕೊನೆಗೆ ಕಥೆ ನಡೆಯುವ ಲೋಕವೇ ಬದಲಾಗಿಬಿಡುತ್ತದೆ. ಖಳನಾಯಕ ಮಾತ್ರ ಮತ್ತೆ ಮತ್ತೆ ಬರುತ್ತಾನೆ! ‘ಗುಂಡಮ್’ ಸರಣಿಯನ್ನೇ ತಗೊಳ್ಳಿ. ೧೯೭೯ರಲ್ಲಿ ಯೊಶಿಯುಕಿ ತೊಮಿನೊ ನಿರ್ದೇಶಿಸಿದ ಮೊದಲ ಸರಣಿಯಲ್ಲಿ ಶಾರ್ ಅಜ್ನೇಬಲ್ ಅಂತ ಒಬ್ಬ ಶತ್ರು. ಮುಖಕ್ಕೆ ಮುಖವಾಡ, ಕೆಂಪು ಬಣ್ಣದ ರೋಬೋ, ಅಪ್ಪನನ್ನು ಕೊಂದವರ ಮೇಲೆ ಒಳಗೊಳಗೇ ಹಗೆ. ೧೯೮೫ರ ಸರಣಿಯಲ್ಲಿ ಇವನೇ ಹೆಸರು ಬದಲಿಸಿಕೊಂಡು ಒಳ್ಳೆಯವರ ಪಾಳಯದಲ್ಲಿರುತ್ತಾನೆ. ೧೯೮೮ರ ಸಿನಿಮಾದಲ್ಲಿ ಮತ್ತೆ ಖಳನಾಗಿ ಒಂದು ಕ್ಷುದ್ರಗ್ರಹವನ್ನೇ ಭೂಮಿಯ ಮೇಲೆ ಕೆಡವಲು ಹೊರಡುತ್ತಾನೆ. ಆಮೇಲೆ ೧೯೯೫ರಲ್ಲಿ, ೨೦೦೨ರಲ್ಲಿ ಬೇರೆಯದೇ ಲೋಕದ ಕಥೆ ಕಟ್ಟಿದರು, ಬೇರೆಯದೇ ಹೆಸರುಗಳನ್ನಿಟ್ಟರು. ಆದರೂ ಮುಖವಾಡ ತೊಟ್ಟ, ಹೊಂಬಣ್ಣದ ಕೂದಲಿನ ಎದುರಾಳಿಯೊಬ್ಬ ಇರಲೇಬೇಕಾಯಿತು.

ಹಾಸ್ಟೆಲ್ಲಿನಲ್ಲಿ ಗೆಳೆಯನ ಹಾರ್ಡ್‌ಡಿಸ್ಕಿನಿಂದ ಇದನ್ನೆಲ್ಲ ನೋಡುವಾಗ ಎಲ್ಲರೂ ಬೆರಗಾಗುತ್ತಿದ್ದರು. ನನಗೆ ಅಷ್ಟೇನೂ ಆಶ್ಚರ್ಯ ಆಗಲಿಲ್ಲ. ನಾನು ಸಾಗರದ ಕಡೆಯವನು, ಯಕ್ಷಗಾನ ನೋಡಿ ಬೆಳೆದವನು. ನಿನ್ನೆ ರಾತ್ರಿ ಸತ್ತ ರಾವಣ ಇವತ್ತು ರಾತ್ರಿ ಪಕ್ಕದೂರಿನ ಗದ್ದೆಯಲ್ಲಿ ಎದ್ದು ನಿಂತಿರುವುದು ನಮಗೇನು ಹೊಸತಾ? :)

ಪುರಾಣದವರಂತೂ ಇದಕ್ಕೆ ಸರಿಯಾದ ಲೆಕ್ಕವನ್ನೇ ಬರೆದಿಟ್ಟಿದ್ದಾರೆ. ವೈಕುಂಠದ ಬಾಗಿಲು ಕಾಯುವ ಜಯ-ವಿಜಯರು ಶಾಪಕ್ಕೆ ಸಿಕ್ಕು ಮೂರು ಜನ್ಮ ದೇವರ ಶತ್ರುಗಳಾಗಿ ಹುಟ್ಟಬೇಕು. ಮೊದಲು ಹಿರಣ್ಯಾಕ್ಷ-ಹಿರಣ್ಯಕಶಿಪು, ಆಮೇಲೆ ರಾವಣ-ಕುಂಭಕರ್ಣ, ಕೊನೆಗೆ ಶಿಶುಪಾಲ-ದಂತವಕ್ರ. ಅಂದರೆ ಖಳನಾಯಕ ಮೂರು ಸರಣಿಗೆ ಮೊದಲೇ ಒಪ್ಪಂದಕ್ಕೆ ಸಹಿ ಹಾಕಿಯೇ ಬಂದವನು. (ನಮ್ಮ ರಾಜಕುಮಾರ್ ೧೯೫೮ರ ‘ಭೂಕೈಲಾಸ’ದಲ್ಲಿ ರಾವಣ, ೧೯೮೩ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪು. ಒಂದೇ ದ್ವಾರಪಾಲಕನ ಎರಡು ಜನ್ಮಗಳನ್ನು ಒಬ್ಬರೇ ಮಾಡಿದ್ದಾರೆ. ಮಧ್ಯೆ ೧೯೫೯ರಲ್ಲಿ ಮಹಿಷಾಸುರ ಬೇರೆ!)

ಈಗ ಇದೆಲ್ಲ ಯಾಕೆ ನೆನಪಾಯಿತು ಅಂದರೆ, ನಾನಿರುವ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕಳೆದ ದಸರಾಕ್ಕೆ ರಾವಣದಹನ ಇಟ್ಟುಕೊಂಡಿದ್ದರು. ಇಪ್ಪತ್ತಡಿಯ ಕಾಗದದ ರಾವಣ, ಹೊಟ್ಟೆ ತುಂಬ ಪಟಾಕಿ, ಮನೆಗೆ ಐನೂರು ರೂಪಾಯಿ ವಂತಿಗೆ. ಪಕ್ಕದ ಮನೆಯ ಪುಟ್ಟ ಹುಡುಗಿ ಅವರಪ್ಪನನ್ನು ಕೇಳುತ್ತಿದ್ದಳು, “ಅಪ್ಪಾ, ಅವನಿಗೆ ಯಾಕೆ ಹತ್ತು ತಲೆ?” ಅಪ್ಪ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಲೇ ಹೇಳಿದರು, “ಅವನು ಬ್ಯಾಡ್ ಗೈ ಅಲ್ವಾ, ಅದಕ್ಕೆ.” ಅಷ್ಟೇ. ಮುಗಿಯಿತು. ಹತ್ತು ನಿಮಿಷದಲ್ಲಿ ರಾವಣನೂ ಮುಗಿದ.

ಉತ್ತರದವರ ರಾಮಲೀಲೆಯ ಬಗ್ಗೆ ನನಗೆ ತಕರಾರಿಲ್ಲ, ಅದು ಅವರ ಹಬ್ಬ, ಅದರದೇ ಚೆಂದ ಅದಕ್ಕಿದೆ. ನನಗೆ ಕಸಿವಿಸಿಯಾಗಿದ್ದು ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು. “ನಮ್ಮ ಕಡೆ ಹೀಗೆ ಸುಡುವ ಪದ್ಧತಿ ಇಲ್ಲವಲ್ಲ, ಮುಂದಿನ ವರ್ಷ ಬೇರೇನಾದರೂ ಮಾಡೋಣವಾ?” ಅಂತ ಕೇಳಿದೆ. ತಕ್ಷಣ ಒಬ್ಬರು ಬರೆದರು, “ಇದು ನಮ್ಮ ಸಂಸ್ಕೃತಿ. ರಾವಣನನ್ನು ಸುಡಬೇಡಿ ಅನ್ನುವವರು ಯಾರ ಪರ?” ಹೀಗೆ ಕೇಳಿದವರು ನಮ್ಮ ಶಿವಮೊಗ್ಗ ಜಿಲ್ಲೆಯವರೇ!

ಸ್ವಾಮೀ, ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರೂ ತಾಲ್ಲೂಕಿನ ಹಳ್ಳಿಗಳಲ್ಲಿ ವಿಜಯದಶಮಿಯ ದಿನ ನಾವು ಮಾಡುತ್ತಿದ್ದದ್ದು ಏನು? ಬನ್ನಿ ಮುಡಿಯುವುದು. ಬೆಂಕಿ ಎಲ್ಲಿಂದ ಬಂತು? ಸುಡುವುದಿರಲಿ, ದಸರಾ ಕಳೆದು ಇಪ್ಪತ್ತು ದಿನಕ್ಕೆ ದೀಪಾವಳಿ ಬಂದರೆ ನಾವು ಅಸುರನೊಬ್ಬನನ್ನು ಮನೆಗೇ ಕರೆಯುತ್ತೇವೆ. ಬಲೀಂದ್ರ! ವಾಮನ ತಲೆಯ ಮೇಲೆ ಕಾಲಿಟ್ಟು ಪಾತಾಳಕ್ಕೆ ತುಳಿದ ಬಲಿ ಚಕ್ರವರ್ತಿ. ಬೂರೆ ಹಬ್ಬದ ದಿನ ನೀರು ತುಂಬಿ, ಬಲೀಂದ್ರನನ್ನು ಕೂರಿಸಿ, ಪೂಜೆ ಮಾಡಿ, ಹೋಳಿಗೆ ಎಡೆ ಇಟ್ಟು, ಆಮೇಲೆ ಕಳಿಸಿಕೊಡುವುದು. ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಊರೂರು ನಡೆದು, ಬಾಗಿಲ ಮುಂದೆ ನಿಂತು ಹಾಡುವುದೂ ಅವನ ಹಾಡನ್ನೇ. ಮನೆಯವರು ಆ ದೀಪಕ್ಕೆ ಎಣ್ಣೆ ಹೊಯ್ಯುತ್ತಾರೆ. ಅವರ ದೀಪದಿಂದ ನಮ್ಮ ದೀಪ ಹಚ್ಚಿಕೊಳ್ಳುತ್ತಾರೆ. ವಾಮನನ ಹಾಡು ಯಾಕೆ ಹಾಡಲ್ಲ ಅಂತ ಇವತ್ತಿನವರೆಗೆ ಯಾರೂ ಕೇಳಿದ್ದು ನಾನು ಕಂಡಿಲ್ಲ. ವಾಮನನಿಗೆ ಅದರಿಂದ ಬೇಜಾರಾದ ಹಾಗೂ ಕಾಣುವುದಿಲ್ಲ.

ಬಲಿ ಒಳ್ಳೆಯ ಅಸುರ, ರಾವಣನ ಮಾತು ಬೇರೆ ಅನ್ನಬಹುದು. ಸರಿ, ರಾವಣನಿಗೇ ಬರೋಣ.

ನಮ್ಮ ಮೂರು ತಾಲ್ಲೂಕುಗಳನ್ನು ಹೊಲಿದಿರುವುದು ಶರಾವತಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ದಾಟಿ, ಸಾಗರದಲ್ಲಿ ೧೯೬೪ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ನಿಂತು, ಜೋಗದಲ್ಲಿ ಬಿದ್ದು, ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಒಟ್ಟು ೧೨೮ ಕಿಲೋಮೀಟರು. ಸೀತೆಗೆ ಬಾಯಾರಿದಾಗ ರಾಮ ಬಾಣ ಬಿಟ್ಟು ತೆಗೆದ ನೀರಂತೆ, ಅದಕ್ಕೇ ಅಂಬುತೀರ್ಥ, ಅದಕ್ಕೇ ಶರಾವತಿ. ಅದೇ ತಾಲ್ಲೂಕಿನಲ್ಲಿ ಮೃಗವಧೆ ಅಂತ ಊರಿದೆ, ರಾಮ ಮಾಯಾಜಿಂಕೆ ಮಾರೀಚನನ್ನು ಕೊಂದ ಜಾಗ ಅದು ಅನ್ನುತ್ತಾರೆ. ಘಟ್ಟ ಇಳಿದು ಹೊನ್ನಾವರದ ಮೇಲೆ ಹೋದರೆ ಗೋಕರ್ಣ. ರಾವಣ ಶಿವನಿಂದ ಪಡೆದು ತಂದ ಆತ್ಮಲಿಂಗವನ್ನು ಗಣಪತಿ ಹುಡುಗನ ವೇಷದಲ್ಲಿ ಬಂದು ನೆಲಕ್ಕಿಟ್ಟುಬಿಟ್ಟ ಜಾಗ. ಚಿಕ್ಕಂದಿನಲ್ಲಿ ಆ ಕಥೆ ಕೇಳುವಾಗ ನನಗೆ ರಾವಣನ ಮೇಲೆ ಪಾಪ ಅನ್ನಿಸುತ್ತಿತ್ತು. ಅಷ್ಟು ತಪಸ್ಸು ಮಾಡಿ ಪಡೆದದ್ದನ್ನು ಸಂಧ್ಯಾವಂದನೆಗೆ ಹೋದ ಗಳಿಗೆಯಲ್ಲಿ ಕಳಕೊಂಡವನು. ಗೋಕರ್ಣಕ್ಕೆ ಹೋಗಿ ಕೈಮುಗಿಯುವ ನಾವೆಲ್ಲ, ಯೋಚಿಸಿದರೆ, ರಾವಣ ಹೊತ್ತು ತಂದ ಲಿಂಗಕ್ಕೇ ತಾನೆ ಕೈಮುಗಿಯುತ್ತಿರುವುದು?

ಇನ್ನು ಹೊಸನಗರ ತಾಲ್ಲೂಕಿನ ಹುಂಚ. ಸಾಂತರರ ಕಾಲದ ಊರು. ೧೦೭೭ರಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿ ಇವತ್ತಿಗೂ ಇದೆ, ಪದ್ಮಾವತಿ ದೇವಿಗೆ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ. ಜೈನರ ರಾಮಾಯಣ ಹೇಗಿದೆ ಅನ್ನುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಅಲ್ಲಿ ರಾವಣ ರಾಕ್ಷಸನೇ ಅಲ್ಲ, ವಿದ್ಯಾಧರ. ಹತ್ತು ತಲೆಯೂ ಇಲ್ಲ. ಚಿಕ್ಕವನಿದ್ದಾಗ ಹಾಕಿಕೊಂಡ ಹಾರದ ಒಂಬತ್ತು ರತ್ನಗಳಲ್ಲಿ ಅವನ ಮುಖ ಪ್ರತಿಬಿಂಬವಾಗಿ ಕಾಣಿಸಿತು, ಅದಕ್ಕೆ ದಶಮುಖ. (ಆ ಪುಟ್ಟ ಹುಡುಗಿಗೆ ಹೇಳಲು ಎಷ್ಟು ಚೆಂದದ ಉತ್ತರ ಇದು!) ವಾನರರೂ ಕಪಿಗಳಲ್ಲ, ಬಾವುಟದಲ್ಲಿ ಕಪಿಯ ಗುರುತಿದ್ದ ಜನ.

ಅದಕ್ಕಿಂತ ದೊಡ್ಡ ವಿಷಯ ಜೈನರ ಲೆಕ್ಕಾಚಾರ. ಕಾಲಚಕ್ರ ಅರ್ಧ ಸುತ್ತು ಬರುವಾಗ ಬಲದೇವ, ವಾಸುದೇವ, ಪ್ರತಿವಾಸುದೇವ ಎಂಬ ಮೂವರ ಜೋಡಣೆ ಒಂಬತ್ತು ಸಲ ಹುಟ್ಟುತ್ತದೆ. ಎಂಟನೆಯ ಸಲ ರಾಮ ಬಲದೇವ, ಲಕ್ಷ್ಮಣ ವಾಸುದೇವ, ರಾವಣ ಪ್ರತಿವಾಸುದೇವ. ಒಂಬತ್ತನೆಯ ಸಲ ಅದೇ ಜಾಗಗಳಲ್ಲಿ ಬಲರಾಮ, ಕೃಷ್ಣ, ಜರಾಸಂಧ. ಪ್ರತಿವಾಸುದೇವ ಎಸೆದ ಚಕ್ರ ವಾಸುದೇವನ ಕೈಗೇ ಹೋಗಿ ನಿಲ್ಲುತ್ತದೆ, ಆ ಚಕ್ರದಿಂದಲೇ ಎಸೆದವನ ಸಾವು. ನಮ್ಮ ಸಾಫ್ಟ್‌ವೇರಿನವರ ಭಾಷೆಯಲ್ಲಿ ಹೇಳಬೇಕೆಂದರೆ ಖಳನಾಯಕ ಇಲ್ಲಿ ಒಬ್ಬ ವ್ಯಕ್ತಿ ಅಲ್ಲ, ಒಂದು ಕ್ಲಾಸು. ಪ್ರತಿ ಸುತ್ತಿನಲ್ಲೂ ಅದರಿಂದ ಹೊಸದೊಂದು ಆಬ್ಜೆಕ್ಟು. ತೊಮಿನೊಗೆ ಇದು ಗೊತ್ತಿದ್ದಿದ್ದರೆ ಬಹಳ ಖುಷಿಪಡುತ್ತಿದ್ದ. ಇನ್ನೊಂದು ಗಮನಿಸಿ, ಕೊಂದ ಪಾಪಕ್ಕೆ ಲಕ್ಷ್ಮಣನೂ ನರಕಕ್ಕೆ ಹೋಗುತ್ತಾನೆ. ರಾವಣನೋ, ಎಷ್ಟೋ ಜನ್ಮಗಳಾದ ಮೇಲೆ ತೀರ್ಥಂಕರನೇ ಆಗುತ್ತಾನೆ ಅನ್ನುತ್ತದೆ ಆ ಪರಂಪರೆ.

ಇದನ್ನು ಕನ್ನಡದಲ್ಲಿ ಕಾವ್ಯ ಮಾಡಿದವನು ಅಭಿನವ ಪಂಪ ಎಂಬ ಬಿರುದಿನ ನಾಗಚಂದ್ರ. ೧೧೦೦ರ ಆಸುಪಾಸಿನವನು, ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯ ಕಟ್ಟಿಸಿದವನು, ಅಂದರೆ ನಮ್ಮ ಕಡೆಯವನಲ್ಲ. ಆದರೆ ಪಿಯುಸಿಯಲ್ಲಿ ಕನ್ನಡ ಓದಿದ ನನ್ನ ವಯಸ್ಸಿನವರಿಗೆಲ್ಲ ಅವನ ರಾವಣ ಪರಿಚಯ. ದ್ವಿತೀಯ ಪಿಯುಸಿ ಪಠ್ಯದಲ್ಲಿ ರಾವಣನ ಮನಸ್ಸು ತಿಳಿಯಾಗುವ ಭಾಗ ಇತ್ತಲ್ಲ, ಅದೇ. ರಾಮನಿಗೆ ಏನಾಗುತ್ತದೋ ಎಂಬ ಭಯಕ್ಕೆ ಸೀತೆ ಮೂರ್ಛೆ ಹೋಗುತ್ತಾಳೆ. ಅದನ್ನು ಕಂಡ ರಾವಣನಿಗೆ ತಾನು ಮಾಡಿದ್ದೇನು ಅನ್ನುವುದು ಆ ಕ್ಷಣ ಕಾಣುತ್ತದೆ. ಇವರಿಬ್ಬರನ್ನು ಅಗಲಿಸಿದೆನಲ್ಲ, ಬುದ್ಧಿ ಹೇಳಿದ ತಮ್ಮನನ್ನು ಓಡಿಸಿದೆನಲ್ಲ ಅಂತ ನೊಂದುಕೊಳ್ಳುತ್ತಾನೆ. ಸೀತೆಯನ್ನು ಒಪ್ಪಿಸಿಬಿಡಬೇಕು ಅಂದುಕೊಳ್ಳುತ್ತಾನೆ. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯುವುದಿಲ್ಲ. ಈಗಲೇ ಒಪ್ಪಿಸಿದರೆ ಹೆದರಿ ಒಪ್ಪಿಸಿದ ಅನ್ನುತ್ತಾರೆ, ಯುದ್ಧದಲ್ಲಿ ರಾಮ-ಲಕ್ಷ್ಮಣರನ್ನು ಸೆರೆಹಿಡಿದು ಆಮೇಲೆ ಗೌರವದಿಂದ ಒಪ್ಪಿಸುತ್ತೇನೆ ಅನ್ನುತ್ತಾನೆ! ಹೋಗಿ ಸಾಯುತ್ತಾನೆ.

ಹದಿನೇಳನೇ ವಯಸ್ಸಿನಲ್ಲಿ ಇದನ್ನು ಓದಿದಾಗ ಅಂಕಕ್ಕೆ ಓದಿದ್ದು. ಈಗ ಆಫೀಸು, ಮನೆ, ಅಪ್ಪ, ದಾಯಾದಿಗಳ ಜಗಳ ಎಲ್ಲ ನೋಡಿದ ಮೇಲೆ ಅನ್ನಿಸುತ್ತದೆ, ಈ ರಾವಣನನ್ನು ನಾನು ಎಷ್ಟು ಸಲ ಕಂಡಿದ್ದೇನೆ! ಬೇಲಿ ಸರಿಸಿದ್ದು ತಪ್ಪು ಅಂತ ಗೊತ್ತಿದ್ದೂ, ವಾಪಸು ಕೊಟ್ಟರೆ ಊರಿನವರು ಏನಂದಾರು ಅಂತ ಇಪ್ಪತ್ತು ವರ್ಷ ಸಾಗರದ ಕೋರ್ಟಿಗೆ ಅಲೆದವರು ನಮ್ಮೂರಲ್ಲೇ ಇದ್ದಾರೆ. ಪಟಾಕಿ ತುಂಬಿದ ಕಾಗದದ ರಾವಣನನ್ನು ನೋಡಿದಾಗ ಇವರು ಯಾರೂ ನೆನಪಾಗುವುದಿಲ್ಲ. ಅವನು ನಮ್ಮವನಲ್ಲ, ಆಚೆಯವನು. ಸುಟ್ಟು ಮನೆಗೆ ಹೋಗಿ ಊಟ ಮಾಡಬಹುದು.

ಯಕ್ಷಗಾನಕ್ಕೆ ಬರುತ್ತೇನೆ. ಮಳೆ ನಿಂತ ಮೇಲೆ ಕರಾವಳಿಯ ಮೇಳಗಳು ಘಟ್ಟ ಹತ್ತಿ ನಮ್ಮ ಕಡೆ ಬರುತ್ತವೆ, ಮಂದಾರ್ತಿ ಮೇಳದ ಹರಕೆ ಆಟಗಳಂತೂ ತೀರ್ಥಹಳ್ಳಿ, ಹೊಸನಗರದಲ್ಲಿ ಮನೆಮನೆಯ ಮಾತು. ಅಲ್ಲಿ ಖಳನಿಗೆ ಸಿಗುವ ಮರ್ಯಾದೆ ನೋಡಬೇಕು. ತೆರೆ ಹಿಡಿದು, ಚೆಂಡೆ ಬಡಿದು, ಒಡ್ಡೋಲಗ ಕೊಟ್ಟು, ಸಭೆಯನ್ನು ಅರ್ಧ ಗಂಟೆ ಕಾಯಿಸಿ ಆಮೇಲೆ ಮುಖ ತೋರಿಸುವುದು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ೨೦೧೨ರಲ್ಲಿ ಪದ್ಮಶ್ರೀ ಬಂತು. ಅವರನ್ನು ಜನ ಎದೆಯಲ್ಲಿಟ್ಟುಕೊಂಡದ್ದು ಯಾವ ಪಾತ್ರಗಳಿಗೆ? ಭಸ್ಮಾಸುರ, ಕೀಚಕ, ಕೌರವ, ದುಷ್ಟಬುದ್ಧಿ. ಒಬ್ಬರಾದರೂ ಒಳ್ಳೆಯವರು ಇದ್ದಾರಾ ನೋಡಿ :)

ಆದರೆ ನನ್ನ ಮಟ್ಟಿಗೆ ರಾವಣ ಪೂರ್ತಿ ಬಿಚ್ಚಿಕೊಳ್ಳುವುದು ತಾಳಮದ್ದಳೆಯಲ್ಲಿ. ವೇಷ ಇಲ್ಲ, ಕುಣಿತ ಇಲ್ಲ. ಮಳೆಗಾಲದ ರಾತ್ರಿ, ಜಗಲಿಯ ಮೇಲೆ ಕಂಬಳಿ ಹಾಸಿ ಎದುರುಬದುರು ಕೂತ ಅರ್ಥಧಾರಿಗಳು. ಭಾಗವತರು ಪದ್ಯ ಹೇಳುತ್ತಾರೆ, ಆ ಪದ್ಯಕ್ಕೆ ಅರ್ಥ ಹೇಳುವುದು ಇವರ ಕೆಲಸ. ಪದ್ಯ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದ ಹಳೆಯದೇ, ಒಂದಕ್ಷರ ಬದಲಿಸುವಂತಿಲ್ಲ. ಅರ್ಥ ಮಾತ್ರ ಆ ಕ್ಷಣಕ್ಕೆ ಹುಟ್ಟಬೇಕು. ‘ಅಂಗದ ಸಂಧಾನ’ ಪ್ರಸಂಗ ಒಂದೇ, ಆದರೆ ಒಬ್ಬರ ರಾವಣ ಅಹಂಕಾರಿ, ಇನ್ನೊಬ್ಬರ ರಾವಣ ರಾಜನೀತಿಜ್ಞ, ಮತ್ತೊಬ್ಬರ ರಾವಣ ತಂಗಿಯ ಮೂಗು ಕತ್ತರಿಸಿದ್ದಕ್ಕೆ ಲೆಕ್ಕ ಕೇಳುವ ಅಣ್ಣ. ಕಾಸರಗೋಡು ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮-೨೦೦೬) ರಾವಣನ ಅರ್ಥಕ್ಕೆ ಹೆಸರಾದವರು. ಅವರ ಕ್ಯಾಸೆಟ್ಟು ಕೇಳಿ ಬೆಳೆದ ತಲೆಮಾರೇ ಇದೆ, ಈಗ ಯೂಟ್ಯೂಬಿನಲ್ಲೂ ಸಿಗುತ್ತವೆ, ಕೇಳದವರು ಕೇಳಿ.

ನಮ್ಮಜ್ಜ ಸಣ್ಣಪುಟ್ಟ ಕೂಟಗಳಲ್ಲಿ ಅರ್ಥ ಹೇಳುತ್ತಿದ್ದರು. ದೊಡ್ಡ ಹೆಸರೇನಲ್ಲ, ಅಡಿಕೆ ಕೊಯ್ಲಿನ ನಡುವೆ ಪುರುಸೊತ್ತು ಮಾಡಿಕೊಂಡು ಹೋಗುವವರು. ಒಂದು ಸಲ ನಾನು ಕೇಳಿದ್ದೆ, “ಅಜ್ಜಾ, ರಾವಣ ಹೇಗೂ ಸೋಲ್ತಾನಲ್ಲ, ಮತ್ತೆ ಅಷ್ಟು ಮಾತು ಯಾಕೆ?” ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ, “ಯುದ್ಧದಲ್ಲಿ ಸೋಲ್ಬೇಕು ಮಾರಾಯ, ಮಾತಲ್ಲಿ ಸೋಲ್ಬಾರ್ದು. ಮಾತಲ್ಲೂ ಸೋತ್ರೆ ರಾಮ ಗೆದ್ದಿದ್ದು ಯಾರನ್ನ?” ಅಂದಿದ್ದರು. ಅವರು ದಿನಾ ರಾಮರಕ್ಷಾ ಹೇಳದೆ ತಿಂಡಿ ತಿನ್ನುತ್ತಿರಲಿಲ್ಲ. ರಾತ್ರಿ ರಾವಣನಾಗಿ ರಾಮನನ್ನು ವಾಚಾಮಗೋಚರ ಬೈದು ಬಂದು, ಬೆಳಿಗ್ಗೆ ಅದೇ ಬಾಯಲ್ಲಿ ರಾಮರಕ್ಷಾ. ಯಾರ ಪರ ಅಂತ ಅವರನ್ನು ಯಾರೂ ಕೇಳಲಿಲ್ಲ.

ಇನ್ನು ತೀರ್ಥಹಳ್ಳಿಯ ರಾವಣ, ಅಂದರೆ ಕುಪ್ಪಳಿಯ ರಾವಣ. ಕುವೆಂಪು ‘ಶ್ರೀರಾಮಾಯಣ ದರ್ಶನಂ’ ಬರೆಯಲು ಶುರು ಮಾಡಿದ್ದು ೧೯೩೬ರಲ್ಲಿ, ಮುಗಿಸಿದ್ದು ೧೯೪೬ರಲ್ಲಿ, ಅಚ್ಚಾಗಿದ್ದು ೧೯೪೯ರಲ್ಲಿ. ಜ್ಞಾನಪೀಠ ೧೯೬೭ರದ್ದು. ಹಳಗನ್ನಡದ ಮಹಾಛಂದಸ್ಸು ಅಂತ ಹೆದರಿ ದೂರ ಇಟ್ಟವರೇ ಹೆಚ್ಚು, ನಾನೂ ಪೂರ್ತಿ ಓದಿದ್ದು ಲಾಕ್‌ಡೌನಿನಲ್ಲಿ, ಊರಲ್ಲಿ ಕೂತು ಕೆಲಸ ಮಾಡುತ್ತಿದ್ದ ೨೦೨೦ರಲ್ಲಿ. ಅದರಲ್ಲಿ ‘ದಶಾನನ ಸ್ವಪ್ನಸಿದ್ಧಿ’ ಅಂತ ಒಂದು ಭಾಗ ಇದೆ. ರಾವಣನಿಗೆ ಕನಸು ಬೀಳುತ್ತದೆ. ಆ ಕನಸಿನಲ್ಲಿ ಅವನೂ ಕುಂಭಕರ್ಣನೂ ಹಸುಗೂಸುಗಳಾಗಿ ಸೀತೆಯ ಮಡಿಲು ಸೇರುತ್ತಾರೆ. ಯಾರನ್ನು ಹೆಂಡತಿಯಾಗಿಸಿಕೊಳ್ಳಲು ಹೊತ್ತು ತಂದನೋ ಅವಳೇ ತಾಯಿ! ಎದ್ದ ಮೇಲೆ ಅವನು ಹಳೆಯ ರಾವಣ ಅಲ್ಲ. ಯುದ್ಧಕ್ಕೆ ಹೋಗುತ್ತಾನೆ, ಸಾಯುತ್ತಾನೆ, ಅದು ತಪ್ಪುವುದಿಲ್ಲ. ಆದರೆ ಸಾಯುವವನು ಬೇರೆಯವನು.

ಇದನ್ನು ಓದುವಾಗ ನನಗೆ ಥಟ್ಟನೆ ನೆನಪಾಗಿದ್ದು ಇನ್ನೊಂದು ಕಥೆ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ತಮ್ಮ ‘ಮುನ್ನೂರು ರಾಮಾಯಣಗಳು’ ಪ್ರಬಂಧದಲ್ಲಿ ಹೇಳುವ ತಂಬೂರಿ ದಾಸಯ್ಯನೊಬ್ಬನ ಕನ್ನಡ ಜನಪದ ಕಥೆ. ಮಕ್ಕಳಿಲ್ಲದ ರಾವುಳನಿಗೆ ಶಿವ ಮಾವಿನಹಣ್ಣು ಕೊಡುತ್ತಾನೆ. ತಿರುಳು ಹೆಂಡತಿಗೆ, ಗೊರಟು ನಿನಗೆ ಅಂದರೆ ಇವನು ಆಸೆಬುರುಕ, ತಿರುಳನ್ನು ತಾನೇ ತಿಂದ. ಬಸಿರಾದ! ದಿನಕ್ಕೊಂದು ತಿಂಗಳು ಬೆಳೆದು ಒಂಬತ್ತನೇ ದಿನ ಸೀನಿದ, ಮೂಗಿನಿಂದ ಮಗಳು ಹುಟ್ಟಿದಳು. ಸೀತದ್ದಕ್ಕೆ ಸೀತೆ. ಕನ್ನಡದಲ್ಲಿ ಬಿಟ್ಟು ಇನ್ಯಾವ ಭಾಷೆಯಲ್ಲಿ ಈ ಕಥೆ ಹುಟ್ಟಲು ಸಾಧ್ಯ ಹೇಳಿ.

ಒಂದರಲ್ಲಿ ರಾವಣ ಸೀತೆಯನ್ನು ಹೆತ್ತವನು. ಇನ್ನೊಂದರಲ್ಲಿ ಸೀತೆ ರಾವಣನ ತಾಯಿ. ಅಕ್ಷರ ಬಾರದ ದಾಸಯ್ಯನೂ, ಮೈಸೂರು ವಿಶ್ವವಿದ್ಯಾನಿಲಯದ ಪ್ರೊಫೆಸರೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಜಾಗಕ್ಕೆ ಕೈ ಹಾಕಿದ್ದಾರೆ. ಈ ಗಂಡಸು ಮಾಡಿದ್ದು ಎಷ್ಟು ದೊಡ್ಡ ತಪ್ಪು ಅಂತ ತೋರಿಸಲು, ಅವಳನ್ನು ಅವನ ರಕ್ತಸಂಬಂಧಕ್ಕೇ ತಂದು ನಿಲ್ಲಿಸಿದ್ದಾರೆ. ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈಗೀಗ ರಾವಣನ ಅಭಿಮಾನಿಗಳ ಒಂದು ಸೈನ್ಯವೂ ಹುಟ್ಟಿಕೊಂಡಿದೆ. “ಸೀತೆಯನ್ನು ಮುಟ್ಟಲಿಲ್ಲ, ಎಂಥ ಜೆಂಟಲ್‌ಮನ್”, “ರಾವಣನಂಥ ಅಣ್ಣ ಬೇಕು” ಅಂತೆಲ್ಲ ಫಾರ್ವರ್ಡು. ನನಗೆ ಇದು ಕಾಗದದ ರಾವಣನಷ್ಟೇ ಹಾಳು ಅನ್ನಿಸುತ್ತದೆ. ಹೆಂಗಸೊಬ್ಬಳನ್ನು ಹೊತ್ತೊಯ್ದು ಕೂಡಿಹಾಕಿದವನಿಗೆ, ಮುಟ್ಟಲಿಲ್ಲ ಅನ್ನುವುದಕ್ಕೆ ಸನ್ಮಾನವೇ? ಮೇಲೆ ಹೇಳಿದ ಯಾವ ರಾವಣನನ್ನಾದರೂ ತೆಗೆದು ನೋಡಿ, ಅವನು ಮಾಡಿದ್ದು ಸರಿ ಅಂತ ಯಾರೂ ಹೇಳಿಲ್ಲ. ನಾಗಚಂದ್ರ ಅವನನ್ನು ಉಳಿಸಲಿಲ್ಲ. ಕುವೆಂಪು ಉಳಿಸಲಿಲ್ಲ. ನಮ್ಮಜ್ಜನೂ ಬೆಳಗಿನ ಜಾವದ ಹೊತ್ತಿಗೆ ಸರಿಯಾಗಿ ಸಾಯುತ್ತಿದ್ದರು. ಯಾಕೆ ಹೀಗಾದ ಅಂತ ಕೇಳುವುದು ಬೇರೆ, ಮಾಫಿ ಕೊಡುವುದು ಬೇರೆ. ಶಾರ್ ವಿಷಯದಲ್ಲೂ ಹೀಗೇ. ಜಪಾನಿನಲ್ಲಿ ಅವನ ಬೊಂಬೆ ಇಟ್ಟು ಆರಾಧಿಸುವವರಿದ್ದಾರೆ. ತೊಮಿನೊ ಮಾತ್ರ ಅವನ ನೋವನ್ನೆಲ್ಲ ಹತ್ತು ವರ್ಷ ತೋರಿಸಿ, ಕೊನೆಗೆ ಭೂಮಿಯ ಮೇಲೆ ಬಂಡೆ ಕೆಡವಲು ಹೊರಟ ಅವನ ಕೈಯನ್ನೂ ಮುಚ್ಚಿಡದೆ ತೋರಿಸಿದ.

ಒಂದೇ ರಾಮಾಯಣ, ಒಂದೇ ರಾವಣ ಅನ್ನುವ ಈ ಹಟ ನಮ್ಮ ಕಡೆ ಎಲ್ಲಿಂದ ಬಂತು? ಬಹಳ ಜನ ೧೯೮೭ರ ಜನವರಿಯಿಂದ ೧೯೮೮ರ ಜುಲೈವರೆಗೆ ದೂರದರ್ಶನದಲ್ಲಿ ಬಂದ ರಮಾನಂದ ಸಾಗರ್ ಧಾರಾವಾಹಿಯ ಕಡೆ ಬೆರಳು ತೋರಿಸುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪಲಾರೆ. ಅರವಿಂದ ತ್ರಿವೇದಿಯವರ ರಾವಣನಿಗೆ ಒಂದು ಗತ್ತಿತ್ತು. ದೋಷ ಧಾರಾವಾಹಿಯದ್ದಲ್ಲ, ಅದನ್ನು ನೋಡಿದ ಮೇಲೆ ಇನ್ನು ಬೇರೆ ರಾವಣ ಬೇಡ ಅಂದುಕೊಂಡವರದ್ದು. ಆ ಮನಸ್ಸು ಬೆಳೆಯುತ್ತಾ ಹೋಗಿ ೨೦೧೧ರಲ್ಲಿ ದೆಹಲಿ ವಿಶ್ವವಿದ್ಯಾನಿಲಯ ರಾಮಾನುಜನ್ನರ ಅದೇ ಪ್ರಬಂಧವನ್ನು ಇತಿಹಾಸದ ಪಠ್ಯದಿಂದ ಕಿತ್ತುಹಾಕಿತು. ನಮ್ಮ ದಾಸಯ್ಯನ ಕಥೆ ದೆಹಲಿಯಲ್ಲಿ ಅಪರಾಧವಾಯಿತು!

ತಮಾಷೆ ಅಂದರೆ ಇದೇ ರಾಮಾಯಣವನ್ನು ಜಪಾನಿನವರು ಕಾರ್ಟೂನು ಮಾಡಿದ್ದಾರೆ. ಯುಗೊ ಸಾಕೊ ಎಂಬಾತ ನಮ್ಮ ರಾಮ್ ಮೋಹನ್ ಅವರ ಜೊತೆ ಸೇರಿ ೧೯೯೨ರಲ್ಲಿ ಮುಗಿಸಿದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’. ಹೊರದೇಶದವನು ರಾಮಾಯಣ ಮುಟ್ಟುವುದೇ ಅಂತ ಮೊದಮೊದಲು ಇಲ್ಲಿ ವಿರೋಧ ಬಂದಿತ್ತು. ಹಿಂದಿ ಆವೃತ್ತಿಯಲ್ಲಿ ರಾವಣನ ದನಿ ಅಮರೀಶ್ ಪುರಿಯವರದ್ದು. ೨೦೨೫ರ ಜನವರಿಯಲ್ಲಿ ಅದು ಥಿಯೇಟರುಗಳಿಗೆ ಮತ್ತೆ ಬಂದಾಗ ನಾನು ಹೋಗಿ ನೋಡಿ ಬಂದೆ. ೨೦೨೩ರ ‘ಆದಿಪುರುಷ್’ ಸಿನಿಮಾದಲ್ಲಿ ಹತ್ತು ತಲೆಗಳನ್ನು ಎರಡು ಸಾಲು ಮಾಡಿ ಪೇರಿಸಿಟ್ಟಿದ್ದ ರಾವಣನನ್ನು ಕಂಡು ನೊಂದಿದ್ದ ಕಣ್ಣಿಗೆ, ಮೂವತ್ತು ವರ್ಷ ಹಳೆಯ ಆ ಕೈಬರಹದ ಚಿತ್ರಗಳು ತಂಪು ಮಾಡಿದವು. ರಾಮನನ್ನು ನಂಬದ ದೇಶದವರು ರಾವಣನಿಗೆ ಕೊಟ್ಟ ಮರ್ಯಾದೆ ನಮ್ಮ ನೂರಾರು ಕೋಟಿಗಳಿಂದ ಆಗಲಿಲ್ಲವಲ್ಲ ಅನ್ನಿಸಿತು.

ಇನ್ನು ಮುಂದೆ ಬರುವುದು ನಮ್ಮ ಯಶ್ ರಾವಣ. ನಿತೇಶ್ ತಿವಾರಿ ನಿರ್ದೇಶನದ ಎರಡು ಭಾಗದ ‘ರಾಮಾಯಣ’, ಮೊದಲನೆಯದು ೨೦೨೬ರ ದೀಪಾವಳಿಗೆ ಅಂತ ೨೦೨೪ರ ನವೆಂಬರಿನಲ್ಲಿ ಘೋಷಿಸಿದ್ದರು. ದೀಪಾವಳಿಗೆ! ನಮ್ಮೂರಲ್ಲಿ ಬಲೀಂದ್ರ ಬರುವ ಹೊತ್ತಿಗೆ ಸರಿಯಾಗಿ. ‘ಭೂಕೈಲಾಸ’ ಆಗಿ ಅರವತ್ತೆಂಟು ವರ್ಷದ ಮೇಲೆ ಮತ್ತೊಬ್ಬ ಕನ್ನಡದ ಹೀರೋ ರಾವಣನಾಗುತ್ತಿರುವುದು, ಅದೂ ತಾನಾಗಿ ಇಷ್ಟಪಟ್ಟು. ಹಿಂದಿಯವರ ಸ್ಕ್ರಿಪ್ಟಿನಲ್ಲಿ ಅವನಿಗೆ ಅರ್ಥ ಹೇಳಲು ಎಷ್ಟು ಜಾಗ ಬಿಟ್ಟಿರುತ್ತಾರೋ, ಬರೀ ಸ್ಲೋ ಮೋಷನ್ನಿನಲ್ಲಿ ನಡೆಸಿಬಿಡುತ್ತಾರೋ, ಅದೇ ನನ್ನ ಚಿಂತೆ.

ನಾನು ಬರೆದಿರುವುದು ಮೂರು ತಾಲ್ಲೂಕಿನ ರಾವಣ ಮಾತ್ರ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಅವನು ಹೇಗೆ ಬರುತ್ತಾನೆ, ಬಳ್ಳಾರಿ ಕಡೆಯ ತೊಗಲುಗೊಂಬೆಯಲ್ಲಿ ಹತ್ತೂ ತಲೆಗಳನ್ನು ಹೇಗೆ ಕತ್ತರಿಸಿ ಕೂರಿಸುತ್ತಾರೆ, ಮೂಡಲಪಾಯದಲ್ಲಿ ಅವನ ಮಾತಿನ ಧಾಟಿ ಯಾವುದು, ಇವನ್ನೆಲ್ಲ ಕಣ್ಣಾರೆ ಕಂಡವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ನಿಮ್ಮ ನಿಮ್ಮ ಬ್ಲಾಗುಗಳಲ್ಲಿ ಬರೆಯಿರಿ. ಆ ಹುಡುಗಿಗೆ ಹಾರದ ಒಂಬತ್ತು ರತ್ನಗಳ ಕಥೆ ಹೇಳಿ ಆಗಿದೆ, “ಇನ್ನೊಂದು ರಾವಣ ಸ್ಟೋರಿ ಹೇಳಿ ಅಂಕಲ್” ಅಂತ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಾಳೆ. ನನ್ನ ಹತ್ತಿರ ಸ್ಟಾಕು ಮುಗಿಯುತ್ತಾ ಬಂದಿದೆ.